ಬಾವಿಯ ನೀರಿಗೂ ಲೆಕ್ಕ ಬೇಕು



ಕಣಜದಲ್ಲಿ ಎಷ್ಟು ರಾಗಿ ಉಳಿದಿದೆ, ಬಣವೆಯ ಹುಲ್ಲು ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ನೀವು ನೋಡಿದ ಕೂಡಲೇ ಹೇಳಬಲ್ಲಿರಿ. ಆದರೆ ನಿಮ್ಮ ಊರಿನ ನೆಲದೊಳಗೆ ಈಗ ಎಷ್ಟು ನೀರಿದೆ? ಇದನ್ನು ಹೇಳಬಲ್ಲವರು ಅಪರೂಪ. ಕಣ್ಣಿಗೆ ಕಾಣದ ಈ ನೀರನ್ನು ನಂಬಿಯೇ ನಾವು ಸಾಲ ಮಾಡಿ ಕೊಳವೆ ಬಾವಿ ಕೊರೆಸುತ್ತೇವೆ, ಬೆಳೆ ಇಡುತ್ತೇವೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ನೆಲ ಗಟ್ಟಿ ಕಲ್ಲಿನದು. ಇದರ ಅಡಿಯಲ್ಲಿ ಹೊಳೆ ಹರಿಯುತ್ತದೆಂಬುದು ತಪ್ಪು ತಿಳಿವಳಿಕೆ. ಮೇಲಿನ ಸಡಿಲ ಕಲ್ಲಿನ ಪದರದಲ್ಲಿಯೂ, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಒಂದೇ ಬಿರುಕಿಗೆ ನಾಲ್ಕು ಬಾವಿಗಳು ತಗುಲಿದರೆ ನಾಲ್ವರೂ ಒಂದೇ ಕೊಡದಿಂದ ಕುಡಿದಂತೆ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕುಗಳು ಕಡಿಮೆ. ಅಲ್ಲದೆ ಆಳದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು, ಮೂಳೆಗಳು ಕೆಡುತ್ತವೆ.

ಈಗ ಒಂದು ಲೆಕ್ಕ ನೋಡಿ. ವರ್ಷಕ್ಕೆ 700 ಮಿ.ಮೀ. ಮಳೆ ಬಂದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 28 ಲಕ್ಷ ಲೀಟರು. ಕಲ್ಲು ನೆಲದಲ್ಲಿ ಇದರ ಹತ್ತನೆಯ ಒಂದು ಪಾಲು ಅಂತರ್ಜಲ ಸೇರಿದರೆ ಅದೇ ಹೆಚ್ಚು, ಅಂದರೆ 2.8 ಲಕ್ಷ ಲೀಟರು. ಬೇಸಿಗೆ ಭತ್ತಕ್ಕೆ 1,200 ಮಿ.ಮೀ. ನೀರು ಕೊಟ್ಟರೆ ಎಕರೆಗೆ 48 ಲಕ್ಷ ಲೀಟರು ಮೇಲೆತ್ತಬೇಕು. ಅದರಲ್ಲಿ ಒಂದಿಷ್ಟು ಮರಳಿ ಇಂಗುತ್ತದೆ ಎಂದಿಟ್ಟುಕೊಂಡರೂ, ಒಂದು ಎಕರೆ ಗದ್ದೆಯು ಹತ್ತು ಎಕರೆ ಹೊಲದಲ್ಲಿ ಇಂಗಿದ ನೀರನ್ನು ಕುಡಿದುಬಿಡುತ್ತದೆ. ರಾಗಿಗೆ ಇದರ ಅರ್ಧವೂ ಬೇಡ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಅಳೆಯಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ.

1. ಊರಿನ ನಾಲ್ಕು ದಿಕ್ಕಿನಲ್ಲಿ ಒಂದೊಂದು ಬಾವಿಯನ್ನು ಆರಿಸಿಕೊಳ್ಳಿ. ಪಂಪು ಇಳಿಸದ ಕೊಳವೆ ಬಾವಿಯಾದರೆ ಉತ್ತಮ.

2. ಬಾಯಿಯ ಅಂಚಿನಲ್ಲಿ ಬಣ್ಣದ ಗುರುತು ಹಾಕಿ. ಪ್ರತಿ ಸಲವೂ ಅಲ್ಲಿಂದಲೇ ತೂಕ ಕಟ್ಟಿದ ಅಳತೆಯ ಹಗ್ಗವನ್ನು ಬಿಟ್ಟು, ನೀರು ಎಷ್ಟು ಕೆಳಗಿದೆಯೆಂದು ನೋಡಿ.

3. ಹದಿನೈದು ದಿನಕ್ಕೊಮ್ಮೆ, ಬೆಳಗಿನ ಜಾವ, ಸುತ್ತಲಿನ ಪಂಪುಗಳು ಓಡುವ ಮೊದಲು ಅಳೆಯಿರಿ. ತಾರೀಖು ಸಹಿತ ಪುಸ್ತಕದಲ್ಲಿ ಬರೆದು, ಪಂಚಾಯಿತಿ ಗೋಡೆಯ ಮೇಲೂ ಬರೆಯಿರಿ.

4. ನಿಮ್ಮ ಪಂಪಿನ ನೀರನ್ನೂ ಅಳೆಯಿರಿ. 200 ಲೀಟರಿನ ಡ್ರಮ್ಮು 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರು ಬರುತ್ತಿದೆ ಎಂದರ್ಥ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು ಒಂದು ಲಕ್ಷ ಲೀಟರು, ಎಂದರೆ 14 ಗಂಟೆ ಬೇಕು.

ಕೇಂದ್ರೀಯ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ದೇಶದಾದ್ಯಂತ ಆಯ್ದ ಬಾವಿಗಳನ್ನು ಅಳೆಯುತ್ತಾರೆ. ಆದರೆ ಅವರ ಬಾವಿ ನಿಮ್ಮ ಊರಿನಲ್ಲಿಯೇ ಇರಬೇಕೆಂದಿಲ್ಲ. ನಿಮ್ಮ ಊರಿನ ಲೆಕ್ಕವನ್ನು ನೀವೇ ಇಡುವುದು ಲೇಸು.

ಇದು ಆಗದ ಮಾತಲ್ಲ. ನಮ್ಮ ನೆರೆಯ ಅನಂತಪುರ, ಚಿತ್ತೂರು ಮೊದಲಾದ 7 ಜಿಲ್ಲೆಗಳಲ್ಲಿ, ಅಂದಿನ ಆಂಧ್ರಪ್ರದೇಶದಲ್ಲಿ, 2000ರ ದಶಕದಲ್ಲಿ ರೈತರೇ ಮಳೆಯನ್ನೂ ಬಾವಿಯನ್ನೂ ಅಳೆದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವು ಈ ಕೆಲಸಕ್ಕಿತ್ತು. ಹಿಂಗಾರಿಗೆ ಮೊದಲು ಊರವರು ಕೂಡಿ ಇರುವ ನೀರೆಷ್ಟು, ಬೆಳೆಗೆ ಬೇಕಾದದ್ದೆಷ್ಟು ಎಂದು ತೂಗಿ ನೋಡಿದರು. ಇಂಥದನ್ನೇ ಬೆಳೆಯಿರಿ ಎಂದು ಯಾರೂ ಬಲವಂತ ಮಾಡಲಿಲ್ಲ. ಲೆಕ್ಕ ಕಣ್ಣೆದುರಿಗೆ ಬಂದಾಗ ಅನೇಕರು ತಾವಾಗಿಯೇ ಭತ್ತವನ್ನು ಕಡಿಮೆ ಮಾಡಿ, ಕಡಿಮೆ ನೀರಿನ ಬೆಳೆಗಳಿಗೆ ತಿರುಗಿದರು.

ಅಳತೆಯ ಜೊತೆಗೆ ರಕ್ಷಣೆಯೂ ಬೇಕು. ಕೆರೆಯ ಹೂಳೆತ್ತಿ, ಕಾಲುವೆಗಳ ಒತ್ತುವರಿ ತೆಗೆಸಿರಿ. ಹೊಲಕ್ಕೆ ಬದು ಹಾಕಿ. ತಿಪ್ಪೆಯನ್ನೂ ಬಚ್ಚಲ ಗುಂಡಿಯನ್ನೂ ಬಾವಿಯಿಂದ ದೂರವಿಡಿ. ಬತ್ತಿದ ಕೊಳವೆ ಬಾವಿಯನ್ನು ತೆರೆದು ಬಿಡಬೇಡಿ. ಮಗುವಿನ ಜೀವಕ್ಕೆ ಅಪಾಯ. ಅದನ್ನು ಅಳತೆಗೆ ಉಳಿಸಿಕೊಂಡರೆ ಬೀಗವಿರುವ ಮುಚ್ಚಳ ಹಾಕಿಸಿ. ಬೇಡವಾದರೆ ತಳದಿಂದ ನೆಲಮಟ್ಟದವರೆಗೆ ಮಣ್ಣು, ಜಲ್ಲಿ ತುಂಬಿ ಮುಚ್ಚಿಸಿ. ಹೊಸ ಬಾವಿ ಕೊರೆಸುವ ಮುನ್ನ ಅನುಮತಿ ಬೇಕೇ ಎಂದು ವಿಚಾರಿಸಿ. 2011ರ ಕರ್ನಾಟಕ ಅಂತರ್ಜಲ ಕಾಯಿದೆಯಂತೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಅದು ಕಡ್ಡಾಯ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆ ಎಷ್ಟಿದೆಯೆಂದು ಮೊದಲು ಅಳೆಯೋಣ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತೆತ್ತಿ, ನಾಲ್ಕು ಬಾವಿಗಳನ್ನು ಗೊತ್ತುಮಾಡಿ.