ಸಂಖ್ಯಾಶಾಸ್ತ್ರ ಸಲಹಾ ಕೇಂದ್ರಗಳು ಮತ್ತು ಭಾಷಾ ಸಂಶೋಧನೆ: ಮೊದಲ ಭೇಟಿಯನ್ನು ಕುರಿತು

ಧ್ವನಿವಿಜ್ಞಾನ, ಸಾಮಾಜಿಕ ಭಾಷಾವಿಜ್ಞಾನ, ಮನೋಭಾಷಾವಿಜ್ಞಾನ ಈ ಮೂರು ಶಾಖೆಗಳಲ್ಲಿಯೂ ಸಾಂಖ್ಯಿಕ ವಿಶ್ಲೇಷಣೆಯಿಲ್ಲದ ಪಿಎಚ್.ಡಿ. ಪ್ರಬಂಧ ಈಗ ವಿರಳ. ಆದರೆ ಅದಕ್ಕೆ ಬೇಕಾದ ತರಬೇತಿ ನಮ್ಮ ಎಲ್ಲ ಭಾಷಾ ವಿಭಾಗಗಳಲ್ಲಿ ದೊರೆಯುವುದಿಲ್ಲ. ದತ್ತಾಂಶ ಸಂಗ್ರಹವೆಲ್ಲ ಮುಗಿದ ಮೇಲೆ ಹಣ ಕೊಟ್ಟು ಹೊರಗಿನವರಿಂದ ಕೋಷ್ಟಕಗಳನ್ನು ಮಾಡಿಸಿಕೊಂಡು ಬರುವ ರೂಢಿ ಗುಟ್ಟಿನ ಸಂಗತಿಯೇನೂ ಅಲ್ಲ. ಹಾಗೆ ತಂದ ಕೋಷ್ಟಕದ ಒಂದು ಸಾಲನ್ನು ಮೌಖಿಕ ಪರೀಕ್ಷೆಯಲ್ಲಿ ವಿವರಿಸಲು ಹೇಳಿದರೆ ಉತ್ತರ ಬರುವುದು ಕಷ್ಟ. ಈ ಕೊರತೆಯನ್ನು ಬೇರೆಡೆಯ ವಿಶ್ವವಿದ್ಯಾಲಯಗಳು ತುಂಬಿಕೊಂಡಿರುವುದು ಸಂಖ್ಯಾಶಾಸ್ತ್ರ ಸಲಹಾ ಕೇಂದ್ರಗಳ ಮೂಲಕ. ಇಂತಹ ಕೇಂದ್ರ ಹೇಗೆ ನಡೆಯುತ್ತದೆ, ಅದರಿಂದ ಭಾಷಾವಿಜ್ಞಾನಿ ಏನನ್ನು ಪಡೆಯಬಹುದು, ಅದಕ್ಕೆ ಏನನ್ನು ಕೊಡಬೇಕಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಕೇಂದ್ರಗಳ ಮೂಲ ಕೃಷಿ ಸಂಶೋಧನೆಯಲ್ಲಿದೆ. ಅಮೆರಿಕದ ಅಯೋವಾದಲ್ಲಿ 1933ರಲ್ಲಿ ಜಾರ್ಜ್ ಸ್ನೆಡೆಕರ್ ಅವರ ನೇತೃತ್ವದಲ್ಲಿ ಆರಂಭವಾದ ಸಂಖ್ಯಾಶಾಸ್ತ್ರ ಪ್ರಯೋಗಾಲಯವು ಇತರ ವಿಭಾಗಗಳ ಸಂಶೋಧಕರಿಗೆ ಸಲಹೆ ನೀಡುವುದನ್ನೇ ತನ್ನ ಮುಖ್ಯ ಕೆಲಸಗಳಲ್ಲೊಂದಾಗಿ ಇಟ್ಟುಕೊಂಡಿತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಆರ್.ಎ. ಫಿಷರ್ 1919ರಿಂದ ಅಂತಹದೇ ಕೆಲಸದಲ್ಲಿ ತೊಡಗಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನಲ್ಲಿಗೆ ಹೋಗುವುದನ್ನು ಶವಪರೀಕ್ಷೆಗೆ ಹೋಲಿಸಿದ ಫಿಷರರ ಮಾತು ಪ್ರಸಿದ್ಧ. ಅವರು ಅದನ್ನು ಆಡಿದ್ದು ನಮ್ಮ ದೇಶದಲ್ಲಿಯೇ, 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ. ಆ ಎಚ್ಚರಿಕೆಗೆ ವೇದಿಕೆಯಾದ ನೆಲದಲ್ಲಿಯೇ ಶವಪರೀಕ್ಷೆ ವಾಡಿಕೆಯಾಗಿರುವುದು ವಿಪರ್ಯಾಸ.

ಕೇಂದ್ರದ ರಚನೆ ಸಾಮಾನ್ಯವಾಗಿ ಹೀಗಿರುತ್ತದೆ. ಸಂಖ್ಯಾಶಾಸ್ತ್ರ ವಿಭಾಗದ ಒಬ್ಬ ಅಧ್ಯಾಪಕರು ನಿರ್ದೇಶಕರು. ಅವರೊಡನೆ ಕೆಲವರು ಪೂರ್ಣಾವಧಿ ಸಂಖ್ಯಾಶಾಸ್ತ್ರಜ್ಞರು. ಇವರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು. ವಿದ್ಯಾರ್ಥಿಗಳಿಗೆ ಸಲಹೆಯ ಕೆಲಸವೇ ಅನೇಕ ಕಡೆ ಒಂದು ಪಠ್ಯಪತ್ರಿಕೆ. ಸಲಹೆ ಬಯಸುವವರು ಮೊದಲು ಅರ್ಜಿಯೊಂದನ್ನು ತುಂಬುತ್ತಾರೆ: ಸಂಶೋಧನೆಯ ಪ್ರಶ್ನೆ ಯಾವುದು, ದತ್ತಾಂಶ ಸಂಗ್ರಹವಾಗಿದೆಯೇ, ಮಾರ್ಗದರ್ಶಕರಿಗೆ ಈ ಭೇಟಿ ತಿಳಿದಿದೆಯೇ, ಕೊನೆಯ ಗಡುವು ಎಂದು. ಆಮೇಲೆ ಸುಮಾರು ಒಂದು ಗಂಟೆಯ ಭೇಟಿ. ಕೆಲವು ಕೇಂದ್ರಗಳು ಒಪ್ಪಿಗೆ ಪಡೆದು ಭೇಟಿಯನ್ನು ಚಿತ್ರೀಕರಿಸಿ, ಸಲಹೆಗಾರ ಎಲ್ಲಿ ಅವಸರಪಟ್ಟ, ಯಾವ ಪ್ರಶ್ನೆಯನ್ನು ಕೇಳದೆ ಬಿಟ್ಟ ಎಂಬುದನ್ನು ಬಳಿಕ ವಿದ್ಯಾರ್ಥಿಗಳೊಡನೆ ಚರ್ಚಿಸುತ್ತವೆ. ಸಂಭಾಷಣಾ ವಿಶ್ಲೇಷಣೆ ಮಾಡುವವರಿಗೆ ಇಲ್ಲೊಂದು ಒಳ್ಳೆಯ ಸಂಶೋಧನಾ ವಸ್ತುವೂ ಇದೆ.

ಭೇಟಿಯ ಬಹುಪಾಲು ಗಣಿತದ ಮಾತಿನಲ್ಲಿ ಕಳೆಯುವುದಿಲ್ಲ. ಎ.ಡಬ್ಲ್ಯೂ. ಕಿಂಬಾಲ್ 1957ರಲ್ಲಿಯೇ ಸಲಹೆಯ ಕೆಲಸದ ಮೂರನೆಯ ಬಗೆಯ ದೋಷವೊಂದನ್ನು ಗುರುತಿಸಿದ್ದರು: ಕೇಳಬೇಕಿದ್ದ ಪ್ರಶ್ನೆಯನ್ನು ಬಿಟ್ಟು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು. ಭಾಷಾವಿಜ್ಞಾನಿಯ ಪ್ರಶ್ನೆಯಲ್ಲಿ ಈ ದೋಷ ಹೇಗೆ ನುಸುಳುತ್ತದೆ ಎಂಬುದಕ್ಕೆ ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ.

ಕನ್ನಡದ ದ್ವಿತ್ವ ವ್ಯಂಜನಗಳ ಅವಧಿ ಧಾರವಾಡ ಮತ್ತು ಮೈಸೂರು ಪ್ರದೇಶಗಳ ಭಾಷಿಕರಲ್ಲಿ ಬೇರೆಬೇರೆಯೇ ಎಂಬುದು ಸಂಶೋಧನಾರ್ಥಿಯ ಪ್ರಶ್ನೆ. ಪ್ರತಿ ಪ್ರದೇಶದಿಂದ 10 ಭಾಷಿಕರು, ‘ಕತೆ–ಕತ್ತೆ’, ‘ಬಳಿ–ಬಳ್ಳಿ’, ‘ಕಟು–ಕಟ್ಟು’ಗಳಂತಹ 12 ಜೋಡಿಗಳು, ಅಂದರೆ 24 ಪದಗಳು, ಪ್ರತಿ ಪದವನ್ನು 3 ಸಲ ಹೇಳಿಸಲಾಗಿದೆ. ಒಟ್ಟು 1440 ಉಚ್ಚಾರಗಳು. ‘ನಿಮ್ಮ ದತ್ತಾಂಶ ಎಷ್ಟು?’ ಎಂದು ಸಲಹೆಗಾರ ಕೇಳಿದರೆ ಸಂಶೋಧನಾರ್ಥಿ 1440 ಎನ್ನುತ್ತಾನೆ. ಪ್ರದೇಶಗಳ ಹೋಲಿಕೆಯ ಮಟ್ಟಿಗೆ ಈ ಉತ್ತರ ಸರಿಯಲ್ಲ. ಒಬ್ಬ ಭಾಷಿಕನ 72 ಉಚ್ಚಾರಗಳು ಒಂದನ್ನೊಂದು ಹೋಲುತ್ತವೆ. ನಿಧಾನವಾಗಿ ಮಾತನಾಡುವವನು ಎಲ್ಲವನ್ನೂ ನಿಧಾನವಾಗಿಯೇ ನುಡಿಯುತ್ತಾನೆ.

ಈ ಹೋಲಿಕೆಯನ್ನು ಅಳೆಯುವ ಗುಂಪಿನೊಳಗಿನ ಸಹಸಂಬಂಧವು 0.3 ಎಂದಿಟ್ಟುಕೊಳ್ಳೋಣ. ಆಗ ವಿನ್ಯಾಸ ಪರಿಣಾಮವು 1 + (72 − 1) × 0.3, ಅಂದರೆ 22.3. ಪ್ರದೇಶಗಳ ಸರಾಸರಿಗಳನ್ನು ಹೋಲಿಸುವಾಗ 1440 ಉಚ್ಚಾರಗಳ ತೂಕ ಸುಮಾರು 65 ಸ್ವತಂತ್ರ ಉಚ್ಚಾರಗಳಷ್ಟೇ. ಪ್ರತಿ ಪದವನ್ನು 3ರ ಬದಲು 6 ಸಲ ಹೇಳಿಸಿದರೆ ಧ್ವನಿಮುದ್ರಣವೂ ಅಳತೆಯ ಕೆಲಸವೂ ಇಮ್ಮಡಿಯಾಗುತ್ತವೆ, ಆದರೆ ಈ ಸಂಖ್ಯೆ 66ನ್ನು ದಾಟುವುದಿಲ್ಲ. ಅದೇ 3 ಆವೃತ್ತಿಗಳೊಡನೆ ಇನ್ನೂ 10 ಭಾಷಿಕರನ್ನು ಸೇರಿಸಿದರೆ ಅದು 97ರ ಹತ್ತಿರ ಬರುತ್ತದೆ. ತಿಂಗಳುಗಟ್ಟಲೆ ಕುಳಿತು ವ್ಯಂಜನದ ಗಡಿಗಳನ್ನು ಗುರುತಿಸುವ ಸಂಶೋಧನಾರ್ಥಿಗೆ ಈ ಲೆಕ್ಕ ಕ್ಷೇತ್ರಕಾರ್ಯಕ್ಕೆ ಮೊದಲೇ ತಿಳಿಯಬೇಕು. 1440 ಉಚ್ಚಾರಗಳೂ ಸ್ವತಂತ್ರವೆಂದು ಭಾವಿಸಿ ಟಿ ಪರೀಕ್ಷೆ ಮಾಡಿದರೆ ದೊರೆಯುವ ಅತಿ ಸಣ್ಣ ಪಿ ಮೌಲ್ಯವು ಸಾಧನೆಯಲ್ಲ, ಎಣಿಕೆಯ ಭ್ರಮೆ.

ಪದಗಳ ಕಡೆಯಿಂದಲೂ ಇದೇ ತೊಡಕು ಇದೆ. ಸಂಶೋಧಕ ಮಾತನಾಡಬಯಸುವುದು ಕನ್ನಡದ ದ್ವಿತ್ವಗಳೆಲ್ಲದರ ಬಗ್ಗೆ, ಕೈಯಲ್ಲಿರುವುದು 12 ಜೋಡಿಗಳು. ಭಾಷಿಕರಂತೆ ಪದಗಳೂ ಒಂದು ದೊಡ್ಡ ಸಮೂಹದಿಂದ ಆಯ್ದವು ಎಂಬುದನ್ನು ಹರ್ಬರ್ಟ್ ಕ್ಲಾರ್ಕ್ 1973ರಲ್ಲಿ ಪ್ರಬಲವಾಗಿ ವಾದಿಸಿದರು. ಭಾಷಿಕ ಮತ್ತು ಪದ ಎರಡರ ಏರಿಳಿತವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಪರಿಣಾಮ ಮಾದರಿಗಳು ನಮ್ಮ ಕ್ಷೇತ್ರದಲ್ಲಿ ವ್ಯಾಪಕವಾದದ್ದು ಬಾಯೆನ್, ಡೇವಿಡ್‌ಸನ್, ಬೇಟ್ಸ್ ಅವರ 2008ರ ಲೇಖನದ ನಂತರ. ಇದು ಈಗ ಬಹುತೇಕ ಸಲಹೆಗಾರರಿಗೆ ಪರಿಚಿತ.

ಆದರೆ ಸಲಹೆಗಾರನಿಗೆ ತಿಳಿಯಲಾರದ ಸಂಗತಿಗಳೂ ಇವೆ. ‘ಕಟು’ ಸಂಸ್ಕೃತ ಮೂಲದ ಬರವಣಿಗೆಯ ಪದ, ‘ಕಟ್ಟು’ ದಿನಬಳಕೆಯದು. ಈ ಜೋಡಿಯಲ್ಲಿ ವ್ಯಂಜನದ ಉದ್ದವಷ್ಟೇ ಬದಲಾಗುವುದಿಲ್ಲ, ಪರಿಚಿತತೆಯೂ ಬದಲಾಗುತ್ತದೆ. ಧಾರವಾಡದ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ‘ಮನೆ’ ‘ಮನಿ’ಯಾಗುವಂತೆ ‘ಕತ್ತೆ’ ‘ಕತ್ತಿ’ಯಾಗುತ್ತದೆ. ಆಗ ಎರಡು ಪ್ರದೇಶಗಳಲ್ಲಿ ಅಳೆದ ವ್ಯಂಜನದ ಮುಂದಿನ ಸ್ವರವೇ ಬೇರೆ. ಕಾಗದದಲ್ಲಿ ಬರೆದು ಓದಿಸಿದರೆ ಧಾರವಾಡದವರೂ ‘ಕತ್ತೆ’ ಎಂದೇ ಓದಬಹುದು, ಆದರೆ ಅದು ಅವರ ಆಡುಮಾತಲ್ಲ. ಪ್ರಾದೇಶಿಕ ಭೇದವೆಂದು ನಾವು ವರದಿ ಮಾಡುವುದು ವ್ಯಂಜನದ್ದೋ, ಸ್ವರದ್ದೋ, ಓದುವ ಶೈಲಿಯದೋ ಎಂಬುದನ್ನು ಯಾವ ಮಾದರಿಯೂ ತಾನಾಗಿ ಹೇಳದು. ಇದನ್ನು ಮೇಜಿನ ಮೇಲೆ ಇಡಬೇಕಾದವನು ಭಾಷಾವಿಜ್ಞಾನಿ. ಆದ್ದರಿಂದ ಮೊದಲ ಭೇಟಿಗೆ ಪದಗಳ ಪೂರ್ಣ ಪಟ್ಟಿಯನ್ನೂ ಭಾಷಿಕರ ವಿವರಗಳನ್ನೂ ಒಂದೆರಡು ಧ್ವನಿಮುದ್ರಣಗಳನ್ನೂ ಒಯ್ಯುವುದು ಒಳಿತು. ‘ಯಾವ ಪರೀಕ್ಷೆ ಹಚ್ಚಬೇಕು?’ ಎಂಬ ಪ್ರಶ್ನೆಯನ್ನಷ್ಟೇ ಒಯ್ದರೆ ಕಿಂಬಾಲರ ದೋಷಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ವೆಚ್ಚದ ವ್ಯವಸ್ಥೆ ಸ್ಥಳದಿಂದ ಸ್ಥಳಕ್ಕೆ ಬೇರೆ. ಕೆಲವೆಡೆ ವಿಶ್ವವಿದ್ಯಾಲಯವೇ ಪೂರ್ತಿ ಭರಿಸುತ್ತದೆ. ಕೆಲವೆಡೆ ಮೊದಲ ಕೆಲವು ಗಂಟೆಗಳು ಉಚಿತ, ಅನಂತರ ಯೋಜನೆಯ ಅನುದಾನದಿಂದ ಗಂಟೆಯ ಲೆಕ್ಕದಲ್ಲಿ ಶುಲ್ಕ. ಶುಲ್ಕವನ್ನೇ ನೆಚ್ಚಿದ ಕೇಂದ್ರದ ಸಮಯ ಸಹಜವಾಗಿ ದೊಡ್ಡ ಅನುದಾನವಿರುವ ವೈದ್ಯಕೀಯ, ಕೃಷಿ ಯೋಜನೆಗಳತ್ತ ಸರಿಯುತ್ತದೆ. ಅನುದಾನವಿಲ್ಲದ ಭಾಷಾ ಸಂಶೋಧನಾರ್ಥಿಗೆ ಮೊದಲ ವ್ಯವಸ್ಥೆಯೇ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿ ಸಲಹೆಗಾರರು ಸೆಮಿಸ್ಟರಿಗೊಮ್ಮೆ ಬದಲಾಗುವುದು ಇನ್ನೊಂದು ತೊಂದರೆ; ಪ್ರತಿ ಭೇಟಿಯ ಲಿಖಿತ ಟಿಪ್ಪಣಿಯನ್ನೂ ವಿಶ್ಲೇಷಣೆಯ ಕೋಡನ್ನೂ ಎರಡೂ ಕಡೆಯವರು ಇಟ್ಟುಕೊಳ್ಳದಿದ್ದರೆ ಹಳೆಯ ಮಾತನ್ನೇ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಲೇಖಕತ್ವದ ಪ್ರಶ್ನೆಯನ್ನೂ ಆರಂಭದಲ್ಲಿಯೇ ಇತ್ಯರ್ಥಪಡಿಸಿಕೊಳ್ಳುವುದು ವಾಡಿಕೆ: ಒಂದೆರಡು ಗಂಟೆಯ ಸಲಹೆಗೆ ಕೃತಜ್ಞತೆ ಸಾಕು, ವಿನ್ಯಾಸವನ್ನೂ ವಿಶ್ಲೇಷಣೆಯನ್ನೂ ರೂಪಿಸಿದವರು ಸಹಲೇಖಕರು. ಪಿಎಚ್.ಡಿ. ಪ್ರಬಂಧದ ವಿಷಯದಲ್ಲಿ ಗೆರೆ ಇನ್ನೂ ಬಿಗಿ. ಕೇಂದ್ರ ವಿವರಿಸುತ್ತದೆ, ಪರಿಶೀಲಿಸುತ್ತದೆ, ಅಧ್ಯಾಯವನ್ನು ಬರೆದುಕೊಡುವುದಿಲ್ಲ.

ಇಂತಹ ಕೇಂದ್ರಕ್ಕೆ ದೊಡ್ಡ ಕಟ್ಟಡವಾಗಲಿ ಭಾರಿ ಅನುದಾನವಾಗಲಿ ಬೇಕಿಲ್ಲ. ಅಮೆರಿಕದಲ್ಲಿ ಎರಿಕ್ ವ್ಯಾನ್ಸ್ ಆರಂಭಿಸಿದ ‘ಲಿಸಾ 2020’ ಯೋಜನೆಯ ಜಾಲದಲ್ಲಿ ನೈಜೀರಿಯಾದ ಇಬಾದಾನ್ ವಿಶ್ವವಿದ್ಯಾಲಯದಂತಹ ಕಡೆಗಳಲ್ಲಿ ಸಲಹಾ ಪ್ರಯೋಗಾಲಯಗಳು ಹುಟ್ಟಿಕೊಂಡಿವೆ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿಭಾಗಗಳು ಇವೆ. ಅಲ್ಲಿನ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಸಲಹೆಯ ಕೆಲಸವನ್ನು ಒಂದು ಐಚ್ಛಿಕ ಪತ್ರಿಕೆಯಾಗಿ ಇಟ್ಟು, ವಾರಕ್ಕೆ ಎರಡು ಮಧ್ಯಾಹ್ನ ಒಂದು ಕೊಠಡಿಯನ್ನು ತೆರೆದಿಟ್ಟರೆ ಆರಂಭಕ್ಕೆ ಸಾಕು. ಭಾಷಾ ವಿಭಾಗಗಳ ಪಾಲಿನ ಕೆಲಸವೆಂದರೆ ಸಂಶೋಧನಾ ಪ್ರಸ್ತಾವನೆಯ ಮಂಡನೆಗೂ ಕ್ಷೇತ್ರಕಾರ್ಯಕ್ಕೂ ನಡುವೆ ಈ ಭೇಟಿಯನ್ನು ಕಡ್ಡಾಯಗೊಳಿಸುವುದು, ಅದರ ಟಿಪ್ಪಣಿಯನ್ನು ಪ್ರಗತಿ ವರದಿಯೊಡನೆ ಸಲ್ಲಿಸಲು ಹೇಳುವುದು.