ಕಲ್ಲಿನ ಮೇಲಿನ ಕೈಬರಹ

ಜಪಾನಿನ ನಾರಾ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರತಿವರ್ಷ ಶರತ್ಕಾಲದಲ್ಲಿ ಕೆಲವು ವಾರಗಳ ಕಾಲ ಒಂದು ಪ್ರದರ್ಶನ ಏರ್ಪಡುತ್ತದೆ. ತೋದಾಯ್‌ಜಿ ಎಂಬ ಬೌದ್ಧ ದೇವಾಲಯದ ಶೋಸೋಯಿನ್ ಭಂಡಾರದಲ್ಲಿ ಎಂಟನೆಯ ಶತಮಾನದಿಂದ ರಕ್ಷಿತವಾಗಿ ಬಂದ ಅಸಂಖ್ಯ ವಸ್ತುಗಳ ಪೈಕಿ ಕೆಲವನ್ನು ಮಾತ್ರ ಆಗ ಹೊರತೆಗೆದು ಜನರಿಗೆ ತೋರಿಸುತ್ತಾರೆ. 1946ರಲ್ಲಿ ಆರಂಭವಾದ ಈ ಪ್ರದರ್ಶನವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ರೇಷ್ಮೆಯ ವಸ್ತ್ರಗಳು, ವಾದ್ಯಗಳು, ಮೆರುಗುಗೊಳಿಸಿದ ಮರದ ಪೆಟ್ಟಿಗೆಗಳು ಮೊದಲಾದ ಈ ಭಂಡಾರದ ವಸ್ತುಗಳೊಡನೆ ಒಂದು ಕಾಗದದ ಸುರುಳಿಯೂ ಉಂಟು. ಕೋಮ್ಯೋ ಎಂಬ ಸಾಮ್ರಾಜ್ಞಿಯು 744ರಲ್ಲಿ ತನ್ನ ಕೈಯಿಂದಲೇ ಬರೆದ ಸುರುಳಿ ಅದು. ಅದರ ವಿಷಯ ಅವಳದಲ್ಲ. ಚೀನಾದ ಒಬ್ಬ ಸೇನಾಪತಿಯನ್ನು ಕುರಿತ ಹಳೆಯ ಪ್ರಬಂಧದ ಪ್ರತಿ ಮಾತ್ರ. ಆದರೂ ಜಪಾನೀಯರು ಅದನ್ನು ಅಮೂಲ್ಯವೆಂದು ಕಾಪಾಡಿದ್ದಾರೆ. ಕುಂಚವನ್ನು ಆಕೆ ಎಲ್ಲಿ ಒತ್ತಿದಳು, ಎಲ್ಲಿ ಹಗುರಾಗಿ ಎತ್ತಿದಳು ಎಂಬುದು ಇಂದಿಗೂ ಆ ಗೆರೆಗಳಲ್ಲಿ ಕಾಣುತ್ತದೆ.

ಬರವಣಿಗೆಯನ್ನು ಚಿತ್ರಕಲೆಗೆ ಸಮನಾದ ಕಲೆಯೆಂದು ಎಣಿಸುವ ಸಂಪ್ರದಾಯ ಜಪಾನಿಗೆ ಬಂದುದು ಚೀನಾದಿಂದ. ಕುಂಚ, ಮಸಿಕಡ್ಡಿ, ಕಾಗದ, ಮಸಿ ತೇಯುವ ಕಲ್ಲು, ಈ ನಾಲ್ಕನ್ನು ಚೀನೀ ವಿದ್ವಾಂಸರು ತಮ್ಮ ಓದುಕೋಣೆಯ ನಾಲ್ಕು ನಿಧಿಗಳೆಂದು ಕರೆದರು. ನಾಲ್ಕನೆಯ ಶತಮಾನದ ವಾಂಗ್ ಶೀಜಿ ಅವರ ಪಾಲಿಗೆ ಲಿಪಿಕಲೆಯ ಪರಮಗುರು. 353ರಲ್ಲಿ ಅವನು ಬರೆದ ಅತ್ಯಂತ ಪ್ರಸಿದ್ಧ ಬರಹದ ಮೂಲಪ್ರತಿ ಈಗ ಉಳಿದಿಲ್ಲ. ಅದರ ಮೇಲೆ ಅಪಾರ ಮೋಹವಿದ್ದ ತಾಂಗ್ ವಂಶದ ಚಕ್ರವರ್ತಿಯೊಬ್ಬನ ಸಮಾಧಿಯಲ್ಲಿ ಅದನ್ನೂ ಇರಿಸಲಾಯಿತೆಂದು ಪ್ರತೀತಿ. ಉಳಿದಿರುವುವು ಅದರ ನಕಲುಗಳು ಮತ್ತು ಕಲ್ಲಿನಿಂದ ತೆಗೆದ ಪಡಿಯಚ್ಚುಗಳು.

ಕೋಮ್ಯೋ ಸಾಮ್ರಾಜ್ಞಿಯು ಕುಂಚ ಹಿಡಿದಿದ್ದ ಆ ಕಾಲದಲ್ಲಿ ಕನ್ನಡ ನಾಡಿನಲ್ಲಿ ಅಕ್ಷರಗಳು ಉಳಿಯ ಮೊನೆಯಿಂದ ಮೂಡುತ್ತಿದ್ದುವು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲವನ್ನು ಅಗೆಯುವಾಗ ದೊರೆತ ಶಾಸನವು ಸುಮಾರು 750ರ ಕಾಲದ್ದು. ಗಂಗರಸ ಶ್ರೀಪುರುಷನ ಆಳಿಕೆಯಲ್ಲಿ ಕಿತ್ತಯ್ಯನೆಂಬ ವೀರನು ಕಾಳಗದಲ್ಲಿ ಮಡಿದುದನ್ನು ಅದು ತಿಳಿಸುತ್ತದೆ. ಈ ಶ್ರೀಪುರುಷನು ನೆಲಸಿದ್ದ ಮಾನ್ಯಪುರವೇ ಇಂದು ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಎಂಬ ಹಳ್ಳಿಯಾಗಿ ಉಳಿದಿದೆ. ಅವನು ಮಾನ್ಯಪುರದಲ್ಲಿದ್ದು 776ರಲ್ಲಿ ಕೊಟ್ಟ ದೇವರಹಳ್ಳಿಯ ತಾಮ್ರಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ವಿಶ್ವಕರ್ಮಾಚಾರ್ಯ. ಆತ ಚಿತ್ರಕಲೆಯನ್ನು ಬಲ್ಲವನೆಂದೂ ಶಾಸನ ಹೇಳುತ್ತದೆ. ದಾನದ ವಿವರಗಳ ನಡುವೆ ಈ ಮಾತಿಗೆ ಎಡೆ ದೊರೆತುದು ಸಾಮಾನ್ಯ ಸಂಗತಿಯಲ್ಲ. ಅಕ್ಷರ ಬರೆಯುವವನು ಚಿತ್ರಕಾರನೂ ಆಗಿರಬೇಕೆಂಬ ಭಾವನೆ ಚೀನೀಯರಿಗಷ್ಟೇ ಮೀಸಲಾಗಿರಲಿಲ್ಲ.

ಮುಂದೆ ಹನ್ನೆರಡನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿಗೆ ‘ಬಿರುದ ರೂವಾರಿ ಮುಖತಿಲಕ’ ಎಂಬ ಬಿರುದೇ ಇತ್ತು. ಹಲವು ಶಾಸನಗಳಲ್ಲಿ ಬರೆದವನು ಬೇರೆ, ಕಂಡರಿಸಿದವನು ಬೇರೆ. ಚೀನಾದಲ್ಲಿಯೂ ಹೀಗೆಯೇ: ಲಿಪಿಕಾರನು ಕಲ್ಲಿನ ಮೇಲೆ ಕೆಂಪು ಬಣ್ಣದಿಂದ ಬರೆಯುತ್ತಿದ್ದನು, ಕಲ್ಲುಕುಟಿಗನು ಆ ಗೆರೆಯನ್ನು ಅನುಸರಿಸಿ ಕೆತ್ತುತ್ತಿದ್ದನು. ಕಲ್ಲಿನ ಗುಣವೂ ಅಕ್ಷರದ ರೂಪದಲ್ಲಿ ಪಾಲು ಪಡೆಯುತ್ತದೆ. ಹೊಯ್ಸಳರ ಬಳಪದ ಕಲ್ಲು ಮೃದುವಾದುದರಿಂದ ಅಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತೆ ನವುರಾಗಿ ಕುಳಿತಿವೆ. ಬೆಂಗಳೂರು ಸುತ್ತಿನ ಕಗ್ಗಲ್ಲು ಅಷ್ಟು ಸುಲಭವಾಗಿ ಮಣಿಯುವಂಥದಲ್ಲ.

ಬೆಂಗಳೂರಿನಲ್ಲಿ 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಇಂತಹ ಕಲ್ಲುಗಳು ಸೇರಿವೆ. ಅವುಗಳಲ್ಲಿ ಬೇಗೂರಿನ ವೀರಗಲ್ಲು ಒಂದು. ಅದರ ಮೇಲೆ ಯುದ್ಧದ ದೃಶ್ಯವೇ ಮೂಡಿದೆ. ಇನ್ನೊಂದು, 949–50ರ ಆತಕೂರಿನ ಶಾಸನ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತುದಕ್ಕಾಗಿ ನಿಲ್ಲಿಸಿದ ಕಲ್ಲು ಅದು. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರದೊಡನೆ ಬರಹದ ಸಾಲುಗಳನ್ನು ಕೂಡಿಸಿರುವ ಬಗೆಯೇ ನೋಡತಕ್ಕದ್ದು.

ಹೀಗೆ ಕಲ್ಲುಗಳನ್ನು ಒಂದೆಡೆ ಕೂಡಿಸಿದ ಕೀರ್ತಿ ಚೀನಾದ ಶೀಆನ್ ನಗರಕ್ಕೆ ಬಹು ಹಿಂದೆಯೇ ಸಂದಿದೆ. ಅಲ್ಲಿನ ‘ಶಿಲಾವನ’ ಆರಂಭವಾದುದು 1087ರಲ್ಲಿ. ಕಲ್ಲಿನ ಮೇಲೆ ತೇವದ ಕಾಗದವನ್ನು ಹರಡಿ, ಅಕ್ಷರದ ತಗ್ಗುಗಳಿಗೆ ಅದು ಇಳಿಯುವಂತೆ ತಟ್ಟಿ, ಮೇಲೆ ಮಸಿ ಸವರಿದರೆ ಕಪ್ಪು ಹಾಳೆಯಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಚೀನೀಯರು ಶತಮಾನಗಳಿಂದ ಬಳಸಿದ ಈ ಪಡಿಯಚ್ಚಿನ ವಿಧಾನವೇ ನಮ್ಮ ಶಾಸನತಜ್ಞರಿಗೂ ಆಧಾರ. ಅದರಲ್ಲಿ ಮಾತಿನೊಡನೆ ಬರೆದ ಕೈಯ ಓಟವೂ ಉಳಿಯುತ್ತದೆ.

ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸೀಮೆಯ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. 1905ರಲ್ಲಿ ಹೊರಬಂದ ಒಂಬತ್ತನೆಯ ಸಂಪುಟದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳಿವೆ. ಇಂದು ಆ ಕಲ್ಲುಗಳೆಲ್ಲ ಇದ್ದಲ್ಲಿ ಇಲ್ಲ. ಕೆಲವು ಬಟ್ಟೆ ಒಗೆಯುವ ಬಂಡೆಗಳಾದುವು. ಕೆಲವು ಮೋರಿಯ ಮೇಲಿನ ಚಪ್ಪಡಿಗಳಾದುವು. ನಿಧಿಯಿದೆಯೆಂಬ ಭ್ರಮೆಯಿಂದ ಒಡೆದು ಹಾಕಿದುವೂ ಉಂಟು. ಊರು ಬೆಳೆದಂತೆ ರಸ್ತೆಗಳ ಕೆಳಗೆ, ಬಡಾವಣೆಗಳ ಮಣ್ಣಿನಲ್ಲಿ ಹೂತುಹೋದುವೂ ಉಂಟು. ಶಾಸನ ಹೇಗೂ ಅಚ್ಚಾಗಿದೆಯಲ್ಲ, ಕಲ್ಲು ಹೋದರೇನು ಎಂದು ಕೇಳುವವರಿದ್ದಾರೆ. ಪುಸ್ತಕದಲ್ಲಿರುವುದು ಮುದ್ರಣಾಲಯದ ಅಚ್ಚುಮೊಳೆಯ ಅಕ್ಷರ. ಗಂಗರ ಕಾಲದ ಸಾಲಿಗೂ ವಿಜಯನಗರದ ಕಾಲದ ಸಾಲಿಗೂ ಅಲ್ಲಿ ಒಂದೇ ರೂಪ. ದಾನ ಕೊಟ್ಟವನ ಹೆಸರು ಅದರಲ್ಲಿ ಉಳಿಯುತ್ತದೆ, ಅಕ್ಷರ ಬರೆದವನ ಕೈ ಉಳಿಯುವುದಿಲ್ಲ. ಮುಂದೆ ಯಾರಾದರೂ ಓದಿನಲ್ಲಿ ಸಂಶಯಪಟ್ಟರೆ ಹೋಲಿಸಿ ನೋಡಲು ಮೂಲವೂ ಇಲ್ಲ.

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಈ ಕಲ್ಲುಗಳನ್ನು ಹುಡುಕಿ, ಬೆಳಕಿನ ಕಿರಣಗಳನ್ನು ಹಾಯಿಸುವ ಯಂತ್ರದಿಂದ ಅವುಗಳ ಉಬ್ಬುತಗ್ಗುಗಳನ್ನು ಗಣಕದಲ್ಲಿ ದಾಖಲಿಸುತ್ತಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಆ ಚಿತ್ರದಲ್ಲಿ ಗೋಚರಿಸುವುದುಂಟು. ಯಂತ್ರವಿಲ್ಲದವರಿಗೂ ಒಂದು ಉಪಾಯವಿದೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಶಾಸನದ ಕಲ್ಲು ಬರಿಯ ಬೋಳುಬಂಡೆಯಂತೆ ತೋರಬಹುದು. ಮುಂಜಾನೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೆರೆಯ ಅಂಚಿನಲ್ಲಿಯೂ ಸಣ್ಣ ನೆರಳು ಮೂಡುತ್ತದೆ. ಆಗ ಅಕ್ಷರಗಳ ತಲೆಕಟ್ಟು, ಕೊಂಬು, ಬಳುಕು ಒಂದೊಂದಾಗಿ ಎದ್ದು ಕಾಣತೊಡಗುತ್ತವೆ.