ಗೇಮಿಂಗ್ ಮಾನಿಟರ್: ಕೊಳ್ಳುವ ಮುನ್ನ, ಕೊಂಡ ನಂತರ

ಹಿಂದೆ ನಮ್ಮ ಹಿರಿಯರು ಎತ್ತು ಕೊಳ್ಳಲು ಸಂತೆಗೆ ಹೋದರೆ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಎಲ್ಲವೂ ಮನಸ್ಸಿಗೆ ಬಂದ ಮೇಲೆಯೇ ಹಣದ ಮಾತು. ಆದರೆ ಇಂದು ಕಂಪ್ಯೂಟರಿನ ವಿಷಯ ಬಂದಾಗ ಮನೆಯ ಹಿರಿಯರು ಮೌನ ತಾಳುತ್ತಾರೆ. ಕಾಲೇಜಿಗೆ ಹೋಗುವ ಮಗ "ಅಪ್ಪಾಜಿ, ನನಗೆ 144 ಹರ್ಟ್ಜ್ ಮಾನಿಟರ್ ಕೊಡಿಸಿರಿ" ಎಂದು ಕೇಳಿದರೆ, ಕೆಲವರು ಆಟಕ್ಕೇಕೆ ಇಷ್ಟು ಹಣವೆಂದು ಗದರಿಸಿ ಸುಮ್ಮನಾಗಿಸುತ್ತಾರೆ. ಇನ್ನು ಕೆಲವರು ಏನನ್ನೂ ವಿಚಾರಿಸದೆ ಹಣ ಎಣಿಸಿ ಕೊಡುತ್ತಾರೆ. ಮೊದಲನೆಯದರಲ್ಲಿ ಮಗನ ಮನಸ್ಸು ನೋಯುತ್ತದೆ. ಎರಡನೆಯದರಲ್ಲಿ ದುಡಿದ ಹಣ ಫಲವಿಲ್ಲದೆ ಹೋಗುವ ಸಂಭವವಿದೆ. ಏಕೆಂದರೆ ಈ ವಸ್ತುವಿನ ಪೆಟ್ಟಿಗೆಯ ಮೇಲೆ ಮುದ್ರಿತವಾದ ಅಂಕಿ ತಾನೇ ತಾನಾಗಿ ಮನೆಯಲ್ಲಿ ದೊರೆಯುವುದಿಲ್ಲ. ಅದು ದೊರೆಯಬೇಕಾದರೆ ಇನ್ನೂ ಮೂರು ನಾಲ್ಕು ಸಂಗತಿಗಳು ಕೂಡಿಬರಬೇಕು. ಅವು ಯಾವುವೆಂಬುದನ್ನು ಪಾಲಕರೂ ಮಕ್ಕಳೂ ಒಟ್ಟಿಗೆ ಕುಳಿತು ತಿಳಿದುಕೊಳ್ಳುವುದು ಒಳಿತು.

ಹರ್ಟ್ಜ್ ಎಂದರೇನು?

ಪರದೆಯ ಮೇಲೆ ನಮಗೆ ಕಾಣುವ ಚಲನೆಯು ವಾಸ್ತವದಲ್ಲಿ ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳ ಸಾಲು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ತನ್ನ ಚಿತ್ರವನ್ನು ಹೊಸದಾಗಿಸುತ್ತದೆ. ಈ ವೇಗಕ್ಕೆ ರಿಫ್ರೆಶ್ ರೇಟ್ ಎಂದು ಹೆಸರು; ಅದನ್ನು ಅಳೆಯುವ ಮಾನವೇ ಹರ್ಟ್ಜ್. ವಿದ್ಯುತ್ಕಾಂತೀಯ ತರಂಗಗಳನ್ನು ಪ್ರಯೋಗದ ಮೂಲಕ ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೈನ್ರಿಖ್ ಹರ್ಟ್ಜ್ (1857-1894) ಅವರ ಹೆಸರು ಈ ಮಾನಕ್ಕೆ ಬಂದಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಜ್ ಎನ್ನುವುದೂ ಇದೇ ಮಾನದಿಂದ.

1990ರ ದಶಕದ ದಪ್ಪ ಗಾಜಿನ ಮಾನಿಟರ್‌ಗಳು 60 ಹರ್ಟ್ಜ್‌ನಲ್ಲಿ ಕಣ್ಣಿಗೆ ಮಿನುಗುತ್ತಿದ್ದವು. ಆದ್ದರಿಂದ ತಿಳಿದವರು ಅವನ್ನು 75 ಅಥವಾ 85ಕ್ಕೆ ಏರಿಸಿಕೊಳ್ಳುತ್ತಿದ್ದರು. ತೆಳುವಾದ ಎಲ್‌ಸಿಡಿ ಪರದೆಗಳು ಬಂದ ಮೇಲೆ ಆ ಮಿನುಗು ಹೋಯಿತು. ವೇಗ ಮಾತ್ರ 60ರಲ್ಲಿಯೇ ನಿಂತಿತು. 2009ರ ಸುಮಾರಿಗೆ ಮೂರು ಆಯಾಮದ ಚಿತ್ರಗಳನ್ನು ತೋರಿಸುವ ಉದ್ದೇಶದಿಂದ 120 ಹರ್ಟ್ಜ್‌ನ ಎಲ್‌ಸಿಡಿ ಮಾನಿಟರ್‌ಗಳು ಮಾರುಕಟ್ಟೆಗೆ ಬಂದವು. ಮೂರು ಆಯಾಮದ ಆಕರ್ಷಣೆ ಬಹುಕಾಲ ಬಾಳಲಿಲ್ಲ. ಆದರೆ ಆ ವೇಗವು ಆಟಗಾರರಿಗೆ ಹಿಡಿಸಿತು. ಅಲ್ಲಿಂದ ಮುಂದೆ 144, 165, 240, 360 ಹೀಗೆ ಏರುತ್ತ ಹೋಗಿ ಇಂದು 500 ಹರ್ಟ್ಜ್ ದಾಟಿದ ಮಾನಿಟರ್‌ಗಳೂ ಇವೆ.

ಲಾಭವೆಷ್ಟು?

ಮನುಷ್ಯನ ಕಣ್ಣು 60ಕ್ಕಿಂತ ಹೆಚ್ಚಿನದನ್ನು ಗುರುತಿಸಲಾರದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಸರಿಯಲ್ಲ. ಪರದೆಯ ಮೇಲೆ ಒಂದು ವಸ್ತು ಸೆಕೆಂಡಿಗೆ 960 ಚುಕ್ಕೆಗಳಷ್ಟು ದೂರ ಸರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಅದನ್ನು ಹಿಂಬಾಲಿಸುವ ಕಣ್ಣಿಗೆ 60 ಹರ್ಟ್ಜ್‌ನಲ್ಲಿ ಸುಮಾರು 16 ಚುಕ್ಕೆಗಳಷ್ಟು ಮಸುಕು ಕಾಣುತ್ತದೆ; 120ರಲ್ಲಿ 8, 240ರಲ್ಲಿ 4. ವೇಗ ಹೆಚ್ಚಿದಷ್ಟೂ ಓಡುವ ವಸ್ತುವಿನ ಅಂಚು ಸ್ಪಷ್ಟವಾಗುತ್ತದೆ. ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್‌ಗಳಂತಹ ಕ್ಷಣಾರ್ಧದ ಆಟಗಳಲ್ಲಿ ಇದರಿಂದ ನಿಜವಾದ ಪ್ರಯೋಜನವಿದೆ.

ಆದರೆ ಈ ಲಾಭ ಮೇಲೆ ಹೋದಂತೆ ಕುಗ್ಗುತ್ತದೆ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ ಪರದೆಯ ಮೇಲೆ ಉಳಿಯುವ ಅವಧಿ 16.7 ಮಿಲಿಸೆಕೆಂಡು, ಅಂದರೆ ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 16.7 ಭಾಗ. 144ರಲ್ಲಿ ಅದು 6.9, 240ರಲ್ಲಿ 4.2, 360ರಲ್ಲಿ 2.8. ಮೊದಲ ಮೆಟ್ಟಿಲಿನಲ್ಲಿ ಸುಮಾರು 10 ಮಿಲಿಸೆಕೆಂಡು ಉಳಿದರೆ, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ, ಮೂರನೆಯದರಲ್ಲಿ ಒಂದೂವರೆಯಷ್ಟೂ ಇಲ್ಲ. ಬೆಲೆ ಮಾತ್ರ ಪ್ರತಿ ಮೆಟ್ಟಿಲಿಗೂ ಏರುತ್ತದೆ. ಆದ್ದರಿಂದ ಗೃಹಸ್ಥರ ಮನೆಗೆ 144 ಅಥವಾ 165 ಹರ್ಟ್ಜ್ ಸಾಕಷ್ಟಾಯಿತು. ಅದಕ್ಕೂ ಮೇಲಿನದು ಸ್ಪರ್ಧೆಗೆಂದೇ ಅಭ್ಯಾಸ ಮಾಡುವವರಿಗೆ ಇರಲಿ. ಚದುರಂಗ, ಕಥಾಪ್ರಧಾನ ಆಟಗಳು, ಓದು ಬರಹ, ಚಲನಚಿತ್ರ ಇವಿಷ್ಟೇ ಬಳಕೆಯಾಗಿದ್ದರೆ 60 ಅಥವಾ 75 ಹರ್ಟ್ಜ್‌ನಲ್ಲಿಯೇ ತೃಪ್ತಿ ದೊರೆಯುತ್ತದೆ.

ಜೋಡೆತ್ತಿನ ಲೆಕ್ಕ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಮಾನಿಟರ್ ಮತ್ತು ಕಂಪ್ಯೂಟರ್ ಒಂದೇ ನೊಗಕ್ಕೆ ಹೂಡಿದ ಜೋಡಿಯಂತೆ. ಚಿತ್ರಗಳನ್ನು ತಯಾರಿಸುವುದು ಕಂಪ್ಯೂಟರಿನ ಒಳಗಿರುವ ಗ್ರಾಫಿಕ್ಸ್ ಕಾರ್ಡ್; ತೋರಿಸುವುದಷ್ಟೇ ಮಾನಿಟರಿನ ಕೆಲಸ. ಕಾರ್ಡು ಸೆಕೆಂಡಿಗೆ 50 ಚಿತ್ರಗಳನ್ನು ಮಾತ್ರ ತಯಾರಿಸಿ ಕೊಡುತ್ತಿದ್ದರೆ, ಮಾನಿಟರ್ 240ರದ್ದಾಗಿದ್ದರೂ ಹೊಸ ಚಿತ್ರಗಳು 50ಕ್ಕಿಂತ ಹೆಚ್ಚು ಕಾಣುವುದಿಲ್ಲ. ಹಳೆಯ ಕಂಪ್ಯೂಟರಿಗೆ ದುಬಾರಿ ಮಾನಿಟರ್ ಜೋಡಿಸಿ ನಿರಾಶರಾಗುವವರ ಕಷ್ಟ ಇದೇ.

ಆದ್ದರಿಂದ ಮಾನಿಟರ್ ಕೇಳುವ ಮಗನಿಗೆ ತಂದೆ ಹಾಕಬೇಕಾದ ಮೊದಲ ಪ್ರಶ್ನೆ ಇದು: "ನೀನು ಆಡುವ ಆಟದಲ್ಲಿ ನಮ್ಮ ಕಂಪ್ಯೂಟರ್ ಈಗ ಸೆಕೆಂಡಿಗೆ ಎಷ್ಟು ಚಿತ್ರ ಕೊಡುತ್ತಿದೆ?" ಬಹುತೇಕ ಆಟಗಳಲ್ಲಿಯೇ ಈ ಅಂಕಿಯನ್ನು ತೋರಿಸುವ ಅನುಕೂಲವಿರುತ್ತದೆ. ಅದು 60ರ ಕೆಳಗೇ ಇದ್ದರೆ ಹಣವನ್ನು ಮೊದಲು ಕಾರ್ಡಿಗೆ ಕೂಡಿಡುವುದು ವಿವೇಕ. 100 ದಾಟುತ್ತಿದ್ದರೆ ಹೊಸ ಮಾನಿಟರಿನ ಬೇಡಿಕೆ ನ್ಯಾಯವಾದದ್ದೆಂದು ತಿಳಿಯಬೇಕು. ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇರುವ ಮನೆಗಳಲ್ಲಿ ಇನ್ನೊಂದು ಮಾತು ನೆನಪಿರಲಿ. 2020ರಲ್ಲಿ ಬಂದ ಈ ಎರಡೂ ಯಂತ್ರಗಳ ಗರಿಷ್ಠ ಮಿತಿ 120 ಹರ್ಟ್ಜ್. ಅವುಗಳಿಗಾಗಿ 240ರ ಮಾನಿಟರ್ ಕೊಳ್ಳುವುದರಿಂದ ವೇಗದಲ್ಲಿ ಹೆಚ್ಚಿನ ಪ್ರಯೋಜನವಿಲ್ಲ.

ಚಿತ್ರದ ಚುಕ್ಕೆಗಳ ಸಂಖ್ಯೆಯೂ ಈ ಲೆಕ್ಕಕ್ಕೆ ಸೇರುತ್ತದೆ. 1920×1080ರ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿದ್ದರೆ, 2560×1440ರಲ್ಲಿ ಸುಮಾರು 37 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಚುಕ್ಕೆ ಹೆಚ್ಚಿದಷ್ಟೂ ಕಾರ್ಡಿನ ಹೊರೆ ಹೆಚ್ಚು, ವೇಗ ಕಡಿಮೆ. ಸಾಧಾರಣ ಕಂಪ್ಯೂಟರಿಗೆ 24 ಅಂಗುಲದ 1920×1080, ಬಲವಾದ ಕಂಪ್ಯೂಟರಿಗೆ 27 ಅಂಗುಲದ 2560×1440 ಹೊಂದಿಕೆಯಾಗುವ ಅಳತೆಗಳು.

ಪರದೆಯ ಬಗೆಗಳು

ಅಂಗಡಿಯವರು ಹೇಳುವ ಟಿಎನ್, ಐಪಿಎಸ್, ವಿಎ, ಒಎಲ್‌ಇಡಿ ಎಂಬ ಹೆಸರುಗಳು ಪರದೆಯ ಒಳಗಿನ ರಚನೆಗೆ ಸಂಬಂಧಿಸಿದವು. ಟಿಎನ್ ಹಳೆಯ ಬಗೆ. ವೇಗವಿದ್ದರೂ ಬದಿಯಿಂದ ನೋಡಿದರೆ ಬಣ್ಣ ಕೆಡುತ್ತದೆ. ಐಪಿಎಸ್‌ನಲ್ಲಿ ಬಣ್ಣ ನಿಷ್ಠವಾಗಿರುತ್ತದೆ, ಯಾವ ಕೋನದಿಂದ ನೋಡಿದರೂ ಹೆಚ್ಚು ಬದಲಾಗದು. ಹಗಲು ಪಾಠ, ಸಂಜೆ ಆಟ, ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ಚಿತ್ರ ನೋಡುವ ಮನೆಗೆ ಇದೇ ಸೂಕ್ತ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿ ಕಾಣುತ್ತದೆ. ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲೆಯ ದೃಶ್ಯಗಳು ಓಡುವಾಗ ಹಿಂದೆ ಮಸಿಯಂತಹ ನೆರಳು ಬೀಳುವುದುಂಟು. ಒಎಲ್‌ಇಡಿ ಎಲ್ಲಕ್ಕಿಂತ ಸುಂದರ, ಎಲ್ಲಕ್ಕಿಂತ ದುಬಾರಿ. ಒಂದೇ ಚಿತ್ರವನ್ನು ದಿನವಿಡೀ ಬಿಟ್ಟರೆ ಅದರ ಗುರುತು ಶಾಶ್ವತವಾಗಿ ಉಳಿಯುವ ಭಯವೂ ಅದಕ್ಕಿದೆ.

ಪೆಟ್ಟಿಗೆಯ ಮೇಲಿನ "1 ಮಿಲಿಸೆಕೆಂಡು" ಎಂಬ ಹೆಗ್ಗಳಿಕೆಗೆ ಮರುಳಾಗಬಾರದು. ಚುಕ್ಕೆಯೊಂದು ಬಣ್ಣ ಬದಲಿಸುವ ಕಾಲ ಅದು. ಅದನ್ನು ಅಳೆಯುವ ವಿಧಾನಗಳು ಒಂದಕ್ಕಿಂತ ಹೆಚ್ಚಿವೆ. ತಯಾರಕರು ತಮಗೆ ಅನುಕೂಲವಾದ ಅಳತೆಯನ್ನೇ ಮುದ್ರಿಸುತ್ತಾರೆ. ಅದಕ್ಕಿಂತ ಉಪಯುಕ್ತವಾದದ್ದು ಅಡಾಪ್ಟಿವ್ ಸಿಂಕ್ ಎಂಬ ಸೌಲಭ್ಯ. ಕಾರ್ಡು ಚಿತ್ರ ಕೊಡುವ ವೇಗ ಏರಿಳಿದಾಗ ಮಾನಿಟರ್ ಸಹ ಅದಕ್ಕೆ ಹೆಜ್ಜೆ ಹೊಂದಿಸಿಕೊಳ್ಳುತ್ತದೆ. ಚಿತ್ರ ನಡುವೆ ಹರಿದಂತೆ ಕಾಣುವುದು ತಪ್ಪುತ್ತದೆ. ಎನ್‌ವಿಡಿಯಾ ಸಂಸ್ಥೆ 2013ರಲ್ಲಿ ಜಿ-ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿತು. ಎಎಂಡಿ ಸಂಸ್ಥೆಯ ಫ್ರೀಸಿಂಕ್ ಅದರ ಬೆನ್ನಿಗೆ ಬಂದಿತು. 2019ರಿಂದ ಎನ್‌ವಿಡಿಯಾ ಕಾರ್ಡುಗಳು ಫ್ರೀಸಿಂಕ್ ಬಗೆಯ ಅನೇಕ ಮಾನಿಟರ್‌ಗಳೊಂದಿಗೂ ಹೊಂದಿಕೊಳ್ಳುತ್ತಿರುವುದರಿಂದ ಇದಕ್ಕಾಗಿ ಹೆಚ್ಚು ಹಣ ತೆರಬೇಕಾದ ಅಗತ್ಯ ಉಳಿದಿಲ್ಲ. ಎತ್ತರ ಹೊಂದಿಸಬಹುದಾದ ಕಾಲು, ಮನೆಗೆ ಸಮೀಪದ ಸೇವಾ ಕೇಂದ್ರ, ಸತ್ತ ಚುಕ್ಕೆಗಳ ಬಗ್ಗೆ ಕಂಪನಿಯ ನಿಯಮ, ಇವನ್ನೂ ಹಣ ಕೊಡುವ ಮುಂಚೆಯೇ ಕೇಳಿ ತಿಳಿಯಬೇಕು.

ಮನೆಗೆ ತಂದ ಮೇಲೆ

ಎಷ್ಟೋ ಮನೆಗಳಲ್ಲಿ 144 ಹರ್ಟ್ಜ್‌ನ ಮಾನಿಟರ್ ತಿಂಗಳುಗಟ್ಟಲೆ 60ರಲ್ಲಿಯೇ ನಡೆಯುತ್ತಿರುತ್ತದೆ. ಯಾರಿಗೂ ಅದರ ಅರಿವಿರುವುದಿಲ್ಲ. ವಿಂಡೋಸ್ ಅನೇಕ ವೇಳೆ ಹೊಸ ಮಾನಿಟರನ್ನು 60ರಲ್ಲಿಯೇ ಆರಂಭಿಸುತ್ತದೆ. ಆದ್ದರಿಂದ ಜೋಡಿಸಿದ ದಿನವೇ ಮೂರು ಸಂಗತಿಗಳನ್ನು ಪರೀಕ್ಷಿಸತಕ್ಕದ್ದು.

ಮೊದಲನೆಯದು ಕೇಬಲ್ ಸಿಕ್ಕಿಸುವ ಜಾಗ. ಕಂಪ್ಯೂಟರಿನ ಹಿಂಬದಿಯಲ್ಲಿ ಮದರ್‌ಬೋರ್ಡಿನ ಕಿಂಡಿಯೂ ಇರುತ್ತದೆ, ಗ್ರಾಫಿಕ್ಸ್ ಕಾರ್ಡಿನ ಕಿಂಡಿಯೂ ಇರುತ್ತದೆ. ಕೇಬಲ್ ಕಾರ್ಡಿನ ಕಿಂಡಿಗೇ ಹೋಗಬೇಕು.

ಎರಡನೆಯದು ಕೇಬಲ್‌ನ ಜಾತಿ. ಹಳೆಯ ಎಚ್‌ಡಿಎಂಐ 1.4 ಕಿಂಡಿಯು 1920×1080ರ ಚಿತ್ರವನ್ನು ಸಾಮಾನ್ಯವಾಗಿ 120 ಹರ್ಟ್ಜ್‌ವರೆಗೆ ಒಯ್ಯುತ್ತದೆ. 4ಕೆ ಚಿತ್ರ 120ರಲ್ಲಿ ಬೇಕಾದರೆ ಎಚ್‌ಡಿಎಂಐ 2.1 ಅಥವಾ ಡಿಸ್‌ಪ್ಲೇಪೋರ್ಟ್ 1.4 ಬೇಕು. ಕಂಪ್ಯೂಟರಿಗಾದರೆ ಪೆಟ್ಟಿಗೆಯೊಂದಿಗೆ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸುವುದು ಕ್ಷೇಮ.

ಮೂರನೆಯದು ಸೆಟ್ಟಿಂಗ್. ವಿಂಡೋಸ್‌ನ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ಕ್ರಮದಲ್ಲಿ ಒಳಗೆ ಹೋದರೆ ರಿಫ್ರೆಶ್ ರೇಟ್ ಕಾಣುತ್ತದೆ. ಅಲ್ಲಿ ಪೂರ್ಣ ಅಂಕಿಯನ್ನು ಆರಿಸಬೇಕು. ಮಾನಿಟರಿನ ಸ್ವಂತ ಪಟ್ಟಿಯಲ್ಲಿರುವ ಓವರ್‌ಡ್ರೈವ್ ಎಂಬುದನ್ನು ನಡುವಿನ ಮಟ್ಟದಲ್ಲಿಡುವುದು ಲೇಸು. ಅತಿಯಾಗಿ ಏರಿಸಿದರೆ ಓಡುವ ವಸ್ತುಗಳ ಹಿಂದೆ ಬಿಳಿಯ ಅಂಚು ಕಾಣತೊಡಗುತ್ತದೆ. ಕರೆಂಟು ಆಗಾಗ ಹೋಗುವ ಊರುಗಳಲ್ಲಿ ಯುಪಿಎಸ್ ಇದ್ದರೆ ಕಂಪ್ಯೂಟರ್, ಮಾನಿಟರ್ ಎರಡಕ್ಕೂ ರಕ್ಷಣೆ.

ಕಣ್ಣು, ನಿದ್ರೆ, ಮಿತಿ

ಹೆಚ್ಚು ಹರ್ಟ್ಜ್ ಇದ್ದರೆ ಕಣ್ಣಿಗೆ ಆಯಾಸವೇ ಆಗದೆಂದು ನಂಬುವುದು ತಪ್ಪು. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪರದೆಯ ವೇಗ ಅದಕ್ಕೆ ಮದ್ದಲ್ಲ. ಪರದೆ ಒಂದು ತೋಳಿನಷ್ಟು ದೂರದಲ್ಲಿರಲಿ. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಲಿ. ಕತ್ತಲೆ ಕೋಣೆಯಲ್ಲಿ ಆಡದೆ ದೀಪ ಹಚ್ಚಿಕೊಳ್ಳಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಪದ್ಧತಿಯನ್ನು ನೇತ್ರವೈದ್ಯರು ಹೇಳುತ್ತಾರೆ. ನೀಲಿ ಬೆಳಕು ತಡೆಯುವ ಕನ್ನಡಕಗಳು ಕಂಪ್ಯೂಟರ್ ಬಳಕೆಗೆ ಬೇಕೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಶಿಫಾರಸು ಮಾಡಿಲ್ಲ. ಆ ಖರ್ಚನ್ನು ಉಳಿಸಬಹುದು. ಹಗಲಿನ ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಆರಂಭವಾಗುವ ಸಂಭವ ಕಡಿಮೆ ಎಂಬುದನ್ನೂ ತಾಯಂದಿರು ಗಮನಿಸಬೇಕು. ಮಲಗುವ ಹೊತ್ತಿನ ಸ್ಪರ್ಧೆಯ ಆಟವು ಮನಸ್ಸನ್ನು ಕೆರಳಿಸಿ ನಿದ್ರೆಯನ್ನು ಮುಂದೂಡುತ್ತದೆ.

ಆಟವೇ ದೋಷವೆಂದು ತಿಳಿಯಬೇಕಾಗಿಲ್ಲ. ಇ-ಸ್ಪೋರ್ಟ್ಸ್‌ಗೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಪದಕಗಳನ್ನು ನೀಡಲಾಯಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮನ್ನಣೆ ನೀಡಿ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಈ ಎರಡರ ನಡುವಿನ ಗೆರೆಯನ್ನು ಮಕ್ಕಳಿಗೆ ಮೊದಲೇ ತಿಳಿಹೇಳುವುದು ಹಿರಿಯರ ಕರ್ತವ್ಯ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ಓದುಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇವು ದೀರ್ಘಕಾಲ ಮುಂದುವರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಯಲ್ಲಿರುವ ತನ್ನ ರೋಗಪಟ್ಟಿಯಲ್ಲಿ ಒಂದು ವ್ಯಾಧಿಯೆಂದು ಗುರುತಿಸಿದೆ. ಅಂಥ ಲಕ್ಷಣ ಕಂಡರೆ ಬೈದು ಬಡಿದು ಫಲವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಶಟ್ ಎಂಬ ಚಿಕಿತ್ಸಾ ಸೇವೆಯನ್ನು ಆರಂಭಿಸಿತು. ವೈದ್ಯರ ಸಲಹೆ ಪಡೆಯಲು ಸಂಕೋಚ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಣಕ್ಕೆ ಅನ್ವಯಿಸುವಂತೆ ಕಂಪ್ಯೂಟರಿನ ಬಲಕ್ಕೂ ಅನ್ವಯಿಸುತ್ತದೆ, ದಿನದ ಇಪ್ಪತ್ತನಾಲ್ಕು ಗಂಟೆಗಳಿಗೂ ಅನ್ವಯಿಸುತ್ತದೆ. ಮಗ ಲೆಕ್ಕ ತಂದು ತೋರಿಸಲಿ, ತಂದೆ ಪ್ರಶ್ನೆ ಕೇಳಲಿ, ತಾಯಿ ವೇಳೆ ಗೊತ್ತುಪಡಿಸಲಿ. ಹೀಗೆ ಮೂವರೂ ಕೂಡಿ ಆರಿಸಿದ ಮಾನಿಟರ್ 144ರದ್ದಾಗಲಿ, 75ರದ್ದಾಗಲಿ, ಮನೆಯ ಹಣಕ್ಕೂ ಮಕ್ಕಳ ಉತ್ಸಾಹಕ್ಕೂ ನ್ಯಾಯ ಒದಗಿಸುತ್ತದೆ.